ಅವರಿಗೆ ಹೇಳವಾ, ವಿಮಾನ ಮ್ಯಾಲ ಹೊಂಟದ

ಈವರೆಗೆ ಎಷ್ಟು ವಿಮಾನ ಕೆಡವಿದ್ದೇನೆಂದು ಹೇಳಲಾರೆ. ಎಲ್ಲವೂ ದೊಡ್ಡವು, ನಾಲ್ಕು ಇಂಜಿನ್ನಿನವು, ನಾನೂರು ಜನ ಕೂರುವಂಥವು. ಒಂದು ಸಿಂಹಗಡದ ಹಿಂದಿನ ಗುಡ್ಡಕ್ಕೆ ಹೋಯಿತು, ಎರಡು ಸಮುದ್ರಕ್ಕೆ, ಇನ್ನೊಂದು ರನ್‌ವೇ ಮುಗಿದರೂ ನಿಲ್ಲದೆ ಬೇಲಿ ದಾಟಿ ಯಾರದೋ ಹೊಲಕ್ಕೆ ಇಳಿಯಿತು. ಯಾರಿಗೂ ಒಂದು ಗೀರು ಬಿದ್ದಿಲ್ಲ. ಇವೆಲ್ಲ ಹಾರಿದ್ದು ಪುಣೆಯ ಬಿಬವೇವಾಡಿಯ ನಮ್ಮ ಮನೆಯ ಎರಡನೇ ಕೋಣೆಯಲ್ಲಿ, ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿನಲ್ಲಿ. ಪೈಲಟ್ಟಿನ ಮುಂದೆ ಇರುವುದನ್ನೆಲ್ಲ ಪರದೆಯ ಮೇಲೆ ಇದ್ದಂತೆಯೇ ತೋರಿಸಿ, ಪೈಲಟ್ ಮಾಡುವುದನ್ನೆಲ್ಲ ನಮ್ಮ ಕೈಯಲ್ಲಿ ಮಾಡಿಸುವ ಆಟ ಅದು. ಆಟ ಅಂದರೆ ಆಗ ನನಗೆ ಸಿಟ್ಟು ಬರುತ್ತಿತ್ತು.

ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿದ್ದೇನೆ. ಯಾವುದಾದರೂ ಮಶೀನು ತಪ್ಪು ಅಳತೆಯ ಭಾಗಗಳನ್ನು ಕಡಿದು ಹಾಕಿದಾಗ ಹೋಗಿ ನೋಡಿ, ತಪ್ಪು ಮಶೀನಿನದೋ ಅದನ್ನು ನಡೆಸುವವನದೋ ಎಂದು ವರದಿ ಬರೆಯುವುದು ನನ್ನ ಕೆಲಸ. ಬಹಳಷ್ಟು ಸಲ ‘ನಡೆಸುವವನ ತಪ್ಪು’ ಎಂದೇ ಬರೆದಿದ್ದೇನೆ. ಮಶೀನು ತಾನಾಗಿ ಏನೂ ಮಾಡುವುದಿಲ್ಲ, ನಾವು ಹೇಳಿದ್ದನ್ನೇ ಮಾಡುತ್ತದೆ ಎಂದು ಹುಡುಗರಿಗೆ ಭಾಷಣ ಬಿಗಿದಿದ್ದೇನೆ. ಆದರೆ ಮನೆಯಲ್ಲಿ ವಿಮಾನ ಕೆಡವಿದಾಗ ಮಾತ್ರ ಪ್ರತಿಸಲವೂ ತಪ್ಪು ಸಾಫ್ಟ್‌ವೇರಿನದು.

ಮಗಳು ಓದಲು ನಾಗಪುರದ ಹಾಸ್ಟೆಲ್ಲಿಗೆ ಹೋದಾಗ ಅವಳ ಮೇಜು ಮತ್ತು ಕಂಪ್ಯೂಟರು ಖಾಲಿಯಾದವು. ನನಗೆ ಐವತ್ತೆರಡು. ಕೊಳಲು ಕಲಿಯಬೇಕೆಂದು ಒಂದು ತಿಂಗಳು ಓಡಾಡಿ ಬಿಟ್ಟಿದ್ದೆ. ಸಿಮ್ಯುಲೇಟರ್ ಹಾಕಿಸಿಕೊಂಡು, ವಿಮಾನ ನಡೆಸಲು ಹಿಡಿಯುವ ಒಂದು ಜಾಯ್‌ಸ್ಟಿಕ್ ತಂದೆ. ಮೊದಲು ಒಂದೇ ಇಂಜಿನ್ನಿನ ಸಣ್ಣ ವಿಮಾನದಲ್ಲಿ ಕಲಿಯಿರಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸಣ್ಣದರಲ್ಲಿ ಹಾರಾಡುವುದು ನನ್ನ ವಯಸ್ಸಿಗೂ ಅನುಭವಕ್ಕೂ ತಕ್ಕುದಲ್ಲ ಎನಿಸಿತು. ದೊಡ್ಡದನ್ನೇ ಆರಿಸಿದೆ. ಅದಕ್ಕೆ ಆಟೋಪೈಲಟ್ ಇತ್ತಲ್ಲ! ಎತ್ತರಕ್ಕೊಂದು ಗುಂಡಿ, ವೇಗಕ್ಕೊಂದು, ದಿಕ್ಕಿಗೊಂದು. ಅಂಕಿ ತಿರುಗಿಸಿ ಇಟ್ಟು ಬಟನ್ ಒತ್ತಿದರೆ ಮುಗಿಯಿತು, ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತದೆ. ನಾನು ತಿಳಿದುಕೊಂಡದ್ದು ಹಾಗೆ.

ಆ ಎರಡನೇ ಕೋಣೆಯಲ್ಲಿ ನಮ್ಮ ಅತ್ತೆಯೂ ಇದ್ದರು. ಹೆಂಡತಿಯ ತಾಯಿ. ಮೊಣಕಾಲಿನ ಆಪರೇಷನ್ನಿಗೆಂದು ಹುಬ್ಬಳ್ಳಿಯಿಂದ ಬಂದವರು ಇಲ್ಲೇ ಉಳಿದಿದ್ದರು. ಎದ್ದು ಬಹಳ ಓಡಾಡುವಂತಿರಲಿಲ್ಲ. ಕಿಟಕಿಯ ಪಕ್ಕದ ಮಂಚದ ಮೇಲೆ ಕಾಲು ಚಾಚಿ ಕೂತು, ಅರಳೆ ಹಿಂಜಿ ಹೂಬತ್ತಿ ಹೊಸೆಯುತ್ತ ನನ್ನ ಪರದೆಯನ್ನೇ ನೋಡುತ್ತಿದ್ದರು. ನನ್ನ ವೈಮಾನಿಕ ವಿದ್ಯೆಯ ಮೇಲೆ ಅವರಿಗೆ ಮೆಚ್ಚುಗೆ ಹುಟ್ಟಿದೆ ಎಂದುಕೊಂಡೆ. ಹಾಗಾಗಿ ಅವರು ನೋಡುವಾಗ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ.

ಅವರು ನನ್ನೊಡನೆ ಮಾತಾಡುತ್ತಿರಲಿಲ್ಲ. ಜಗಳವೇನೂ ಇಲ್ಲ, ಅಳಿಯನ ಎದುರು ನಿಂತು ಮಾತಾಡಬಾರದೆಂಬುದು ಅವರ ಮನೆಯ ಹಳೆಯ ಪದ್ಧತಿ. ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರು ನನಗೆ ಹೇಳಬೇಕಾದದ್ದೆಲ್ಲ ಅವರ ಮಗಳ, ಅಂದರೆ ನನ್ನ ಹೆಂಡತಿಯ ಮೂಲಕವೇ ಬಂದಿದೆ, ನಾನು ಎದುರಿಗೇ ಕೂತಿದ್ದರೂ. ಅದೇ ಅತ್ತೆ ಮೂವತ್ತು ವರ್ಷ ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇಡೀ ಜಿಲ್ಲೆಯ ಜನರೊಡನೆ ದಿನವಿಡೀ ಮಾತಾಡಿದವರು ಅಳಿಯನೊಬ್ಬನೊಡನೆ ಮಾತ್ರ ಆಡಲಿಲ್ಲ.

ಭೋಸರಿಯಲ್ಲಿ ನಮಗೆ ವಾರದ ರಜೆ ಗುರುವಾರ. ಅಂಥ ಒಂದು ಗುರುವಾರ ಬೆಳಿಗ್ಗೆ ಪುಣೆಯಿಂದ ದಿಲ್ಲಿಗೆ ಹೊರಟಿದ್ದೆ. ನಿಮಿಷಕ್ಕೆ ಎರಡು ಸಾವಿರ ಅಡಿಯಂತೆ ಏರು ಎಂದು ಆಟೋಪೈಲಟ್ಟಿಗೆ ಹೇಳಿ, ಅವಲಕ್ಕಿ ತಿನ್ನಲು ಅಡುಗೆಮನೆಗೆ ಹೋದೆ. ಎರಡು ತುತ್ತು ತಿಂದಿದ್ದೆ, ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

“ಅವರಿಗೆ ಹೇಳವಾ, ವಿಮಾನದ ಮಾರಿ ಭಾಳ ಮ್ಯಾಲ ಆಗೇದ.”

ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿ, “ವಿಮಾನದ ಮಾರಿ ಭಾಳ ಮ್ಯಾಲ ಆಗೇದಂತ್ರಿ” ಎಂದಳು. ಏರುವಾಗ ಮುಖ ಮೇಲೆಯೇ ಇರಬೇಕು, ಅದು ಸಹಜ ಎಂದು ನಗುತ್ತ ಹೇಳಿದೆ. ಹೆಂಡತಿ ಅದನ್ನು ಒಳಗೆ ತಲುಪಿಸಿದಳು. ಒಳಗಿನಿಂದ ಮತ್ತೆ ಉತ್ತರ ಬಂತು: ವೇಗದ ಅಂಕಿ ಇಳಿಯುತ್ತಿದೆಯಂತೆ. ನಾನು ಕೊನೆಯ ತುತ್ತು ಮುಗಿಸಿ, ಕೈ ತೊಳೆದು, ಟವೆಲ್ಲಿಗೆ ಒರೆಸಿಕೊಂಡು ಹೋಗುವಷ್ಟರಲ್ಲಿ ವಿಮಾನ ಒಂದು ರೆಕ್ಕೆ ಕೆಳಗೆ ಮಾಡಿ ಸುತ್ತುತ್ತ ನೆಲಕ್ಕೆ ಹೋಗುತ್ತಿತ್ತು.

ಆಮೇಲೆ ಓದಿ ತಿಳಿದುಕೊಂಡೆ. ಇಷ್ಟು ವೇಗದಲ್ಲಿ ಏರು ಎಂದರೆ ಅದು ಏರುತ್ತಲೇ ಇರುತ್ತದೆ. ಮೇಲೆ ಹೋದಂತೆ ಗಾಳಿ ತೆಳ್ಳಗಾಗಿ ಇಂಜಿನ್ನಿಗೆ ಕಸುವು ಸಾಲದಾದರೂ, ಮುಂದಿನ ಓಟವನ್ನು ತಿಂದುಕೊಂಡು ಏರುತ್ತದೆ. ಕಡೆಗೆ ರೆಕ್ಕೆಗೆ ಹಿಡಿತವೇ ತಪ್ಪುತ್ತದೆ. ಏರಿಕೆ ಕಡಿಮೆ ಮಾಡು ಎಂದು ನಡುನಡುವೆ ನಾವೇ ಹೇಳಬೇಕು. ಇದನ್ನು ತಿಳಿದುಕೊಂಡ ಮೇಲೂ, ಇಷ್ಟು ಸಣ್ಣ ಬುದ್ಧಿ ಅದಕ್ಕಿಲ್ಲವಲ್ಲ ಎಂದು ಹೆಂಡತಿಯ ಮುಂದೆ ಸಾಫ್ಟ್‌ವೇರನ್ನು ಬೈದೆ.

ಮುಂದಿನ ಸಲ ಬಿದ್ದದ್ದು ಇಳಿಯುವಾಗ. ಹೆಂಡತಿ ಮಧ್ಯಾಹ್ನದ ಪಾಳಿಯ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಹನ್ನೆರಡಕ್ಕೆ ಹೊರಟಿದ್ದಳು. ಮುಂಬೈ ಹತ್ತಿರ ಬರುತ್ತಿತ್ತು. ನಿಮಿಷಕ್ಕೆ ಸಾವಿರದೈನೂರು ಅಡಿ ಇಳಿ ಎಂದು ಹೇಳಿದೆ, ಆದರೆ ಎಲ್ಲಿ ನಿಲ್ಲಬೇಕೆಂಬ ಎತ್ತರದ ಅಂಕಿಯನ್ನು ಬದಲಿಸಲಿಲ್ಲ. ಅದು ಮೇಲಿನ ಮೂವತ್ಮೂರು ಸಾವಿರದಲ್ಲೇ ಉಳಿದಿತ್ತು. ಇಳಿಯುವ ವಿಮಾನಕ್ಕೆ ನಿಲ್ಲುವ ಅಂಕಿ ಮೇಲಿದ್ದರೆ, ಕೆಳಗೆ ಅದನ್ನು ತಡೆಯುವುದು ನೆಲ ಮಾತ್ರ. ಅಷ್ಟರಲ್ಲಿ ಕಾರ್ಖಾನೆಯಿಂದ ಫೋನ್ ಬಂತು, ಬಾಲ್ಕನಿಗೆ ಹೋದೆ. ಒಂದು ಲೇಥ್ ಮಶೀನಿನ ವಿಷಯ. ನಡೆಸುವವನದೇ ತಪ್ಪಿರಬೇಕು, ಸರಿಯಾಗಿ ವಿಚಾರಿಸಿ ಎಂದು ಹೇಳುತ್ತಿದ್ದೆ. ನಡುವೆ ಹೆಂಡತಿಯ ಫೋನು ಬರತೊಡಗಿತು. ಒಮ್ಮೆ ಬಿಟ್ಟೆ, ಎರಡು ಸಲ ಬಿಟ್ಟೆ. ಮೂರನೆಯ ಸಲ ಎತ್ತಿದೆ.

“ನಾ ಸ್ಟಾಫ್ ರೂಮಿನಾಗ ಅದೀನ್ರಿ. ಅವ್ವ ಫೋನ್ ಮಾಡಿದ್ಳು. ಸಮುದ್ರ ಭಾಳ ಹತ್ತರ ಬಂದದಂತ. ನಿಮಗ ಹೇಳು ಅಂದ್ಳು.”

ಅತ್ತೆ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಮಂಚದ ಮೇಲಿದ್ದರು. ಅಲ್ಲಿಂದ ಶಾಲೆಗೆ ಫೋನ್ ಮಾಡಿ, ಶಾಲೆಯಿಂದ ನನಗೆ ಮಾಡಿಸಿದ್ದರು. ಒಳಗೆ ಓಡಿದೆ. ಪರದೆಯ ಮೇಲೆ ಬರೀ ನೀಲಿ. ಅತ್ತೆ ಹೂಬತ್ತಿ ಹೊಸೆಯುತ್ತಲೇ ಇದ್ದರು. ನನ್ನ ಕಡೆ ನೋಡಲಿಲ್ಲ. ಮೂವತ್ತು ವರ್ಷ ಎಕ್ಸ್‌ಚೇಂಜಿನ ಬೋರ್ಡಿನ ಮೇಲೆ ದೀಪ ಹತ್ತಿತೋ ಆರಿತೋ ನೋಡುತ್ತ ಕೂತವರಿಗೆ ಅಂಕಿ ಬದಲಾದದ್ದು ಕಣ್ಣಿಗೆ ಬೀಳದೆ ಇರುವುದಿಲ್ಲ ಎಂದು ಸಂಜೆ ಹೆಂಡತಿ ಹೇಳಿದಳು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಪ್ರತಿ ಅಂಕಿಯ ಅರ್ಥವೇನೆಂದು ಅವರು ಮಗಳ ಮೂಲಕ ಕೇಳಿಸಿದಾಗ, ಪಾಠ ಹೇಳುವ ಮೇಷ್ಟ್ರ ಗತ್ತಿನಲ್ಲಿ ಹೆಂಡತಿಗೆ ವಿವರಿಸಿದೆ. ಹೆಂಡತಿ ಆಕಳಿಸುತ್ತ ಕೇಳಿದಳು. ಅತ್ತೆ ಕಿವಿಗೊಟ್ಟು ಕೇಳಿದರು.

ಹೀಗೆ ಎರಡು ವರ್ಷವಾಗುವ ಹೊತ್ತಿಗೆ ನಾನು ಆಟೋಪೈಲಟ್ಟಿನ ವಕ್ರಬುದ್ಧಿಗಳಲ್ಲಿ ಪಾರಂಗತನಾಗಿದ್ದೆ ಎಂದೇ ನಂಬಿದ್ದೆ. ಬೇಗ ಊರು ಮುಟ್ಟಲೆಂದು ಆಟದ ಗಡಿಯಾರವನ್ನು ನಾಲ್ಕುಪಟ್ಟು ಓಡಿಸಿದರೆ ದೊಡ್ಡ ವಿಮಾನ ಹಾವಿನಂತೆ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಇಳಿಯುವ ದಾರಿ ತೋರಿಸಲು ರನ್‌ವೇಯಿಂದ ಬರುವ ರೇಡಿಯೋ ಇಳಿಜಾರನ್ನು ಅದು ಕೆಳಗಿನಿಂದ ಬಂದರೆ ಹಿಡಿಯುತ್ತದೆ, ಮೇಲಿನಿಂದ ಬಂದರೆ ಕಂಡೂ ಕಾಣದಂತೆ ದಾಟಿಹೋಗುತ್ತದೆ. ಇಂಥವನ್ನೆಲ್ಲ ಊಟದ ಡಬ್ಬಿ ಬಿಚ್ಚಿದಾಗ ಕಾರ್ಖಾನೆಯ ಸಹೋದ್ಯೋಗಿಗಳಿಗೆ ಮರಾಠಿಯಲ್ಲಿ ಹೇಳುತ್ತಿದ್ದೆ. ಅವರು ಬೇಗ ಊಟ ಮುಗಿಸುವುದನ್ನು ಕಲಿತರು.

ಕೇಳುವವರು ಸಿಕ್ಕದ್ದು ನಮ್ಮ ಭಾಗದ ಕನ್ನಡಿಗರ ಕೂಟದಲ್ಲಿ. ವರ್ಷಕ್ಕೊಮ್ಮೆ ಒಂದು ಭಾನುವಾರ ಮಂಗಲ ಕಾರ್ಯಾಲಯ, ಅಂದರೆ ಮದುವೆ ಹಾಲು, ಹಿಡಿದು ಹಾಡು, ಕುಣಿತ, ಊಟ ಇಟ್ಟುಕೊಳ್ಳುತ್ತೇವೆ. ಕಾರ್ಯದರ್ಶಿಗಳು ಗದಗಿನ ಕಡೆಯ ಬಟ್ಟೆ ವ್ಯಾಪಾರಿ. ನನ್ನ ಮಾತು ಕೇಳಿ, ಮಕ್ಕಳ ಕೋಲಾಟಕ್ಕೂ ಊಟಕ್ಕೂ ನಡುವೆ ಹತ್ತು ನಿಮಿಷ ಖಾಲಿ ಅದ, ಬೆಂಗಳೂರಿಗೆ ವಿಮಾನ ಇಳಿಸಿ ತೋರಿಸ್ರಿ ಎಂದರು. ಪುಣೆಯಿಂದ ಬೆಂಗಳೂರಿಗೆ ಒಂದು ಗಂಟೆಗೂ ಮೇಲೆ ಬೇಕು. ನಾನು ಜಾಣತನ ಮಾಡಿದೆ. ಮನೆಯಲ್ಲೇ ಹಾರಿಸಿಕೊಂಡು ಹೋಗಿ, ಬೆಂಗಳೂರು ಇನ್ನೇನು ಬಂತು ಎನ್ನುವಲ್ಲಿ ಏಳು ಸಾವಿರ ಅಡಿಯಲ್ಲಿ ಹಾಗೆಯೇ ಉಳಿಸಿಟ್ಟೆ. ವೇದಿಕೆಯ ಮೇಲೆ ಅದನ್ನೇ ತೆರೆದು ಒಂದೆರಡು ಬಟನ್ ಒತ್ತಿದರೆ ಸಾಕು.

ಉಳಿಸಿಟ್ಟ ಹಾರಾಟವನ್ನು ಮತ್ತೆ ತೆರೆದಾಗ ಆಟೋಪೈಲಟ್ಟಿನ ಅಂಕಿಗಳು ನಾವು ಇಟ್ಟಂತೆಯೇ ಇರುತ್ತವೆಂಬ ಖಾತ್ರಿಯಿಲ್ಲ ಎಂದು ಎಲ್ಲೋ ಓದಿದ್ದೆ. ಓದಿದ್ದೆ, ಅಷ್ಟೆ.

ಆ ಭಾನುವಾರ ರಜೆ ಹಾಕಿ, ಕಂಪ್ಯೂಟರು, ಜಾಯ್‌ಸ್ಟಿಕ್ಕು, ಅತ್ತೆ ಎಲ್ಲವನ್ನೂ ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆ. ಅತ್ತೆಯನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಹೆಂಡತಿಯನ್ನು ಬಡಿಸಲು ಕರೆದರು, ಒಳಗೆ ಹೋದಳು. ಎಣ್ಣೆಗಾಯಿಯ ವಾಸನೆ ಸಭಾಂಗಣಕ್ಕೆ ಬರುತ್ತಿತ್ತು. ಕೋಲಾಟ ಮುಗಿಯಿತು. ನನ್ನ ಹೆಸರಿನ ಹಿಂದೆ ‘ಕ್ಯಾಪ್ಟನ್’ ಎಂದು ಸೇರಿಸಿ ಕರೆದರು, ನಾನು ತಿದ್ದಲಿಲ್ಲ.

ಪರದೆಯ ಮೇಲೆ ವಿಮಾನ ಬಂತು. ಇಷ್ಟು ಭಾರದ ವಿಮಾನವನ್ನು ಕೈಯಿಂದ ಅಲ್ಲ, ತಲೆಯಿಂದ ಹಾರಿಸಬೇಕು ಎಂದು ಹೇಳಿದೆ. ನಿಗದಿ ಮಾಡಿದ ಎತ್ತರಕ್ಕೆ ಹೋಗು ಎನ್ನುವ ಬಟನ್ ಒತ್ತಿದೆ. ಇನ್ನು ನಾನು ಮುಟ್ಟುವುದಿಲ್ಲ ಎಂದು ಎರಡೂ ಕೈ ಮೇಲೆತ್ತಿ ತೋರಿಸಿ, ಪರದೆಗೆ ಬೆನ್ನು ಮಾಡಿ ಜನರ ಕಡೆ ತಿರುಗಿದೆ. ಹಿಂದೆ ಇಂಜಿನ್ನುಗಳು ಜೋರಾಗಿ ಗುಡುಗಿದವು. ಇಳಿಯುವ ಮೊದಲು ಹೀಗೆ ಸದ್ದು ಮಾಡುತ್ತದೆ, ಗಾಬರಿಯಾಗಬೇಡಿ ಎಂದೆ. ಯಾರೂ ಗಾಬರಿಯಾಗಿರಲಿಲ್ಲ.

ಮೊದಲ ಸಾಲಿನಲ್ಲಿ ಅತ್ತೆ ಪಕ್ಕದಲ್ಲಿದ್ದ ಕಾರ್ಯದರ್ಶಿಗಳ ಹೆಂಡತಿಗೆ ಏನೋ ಹೇಳುವುದು ಕಂಡಿತು. ‘ಅವರಿಗೆ ಹೇಳ್ರಿ’ ಎನ್ನುತ್ತಿದ್ದರಂತೆ. ಆಕೆಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಆಮೇಲೆ ಅತ್ತೆ ಫೋನ್ ತೆಗೆದು ಕಿವಿಗಿಟ್ಟುಕೊಂಡರು. ಭಾಷಣದ ನಡುವೆ ಫೋನ್ ಮಾಡುತ್ತಾರಲ್ಲ ಎಂದು ನನಗೆ ಸ್ವಲ್ಪ ಬೇಸರವೂ ಆಯಿತು. ಹೆಂಡತಿಯ ಫೋನು ಅಡುಗೆಮನೆಯ ಮೊಳೆಗೆ ನೇತುಹಾಕಿದ ಚೀಲದಲ್ಲಿ ಬಡಿದುಕೊಂಡು ಸುಮ್ಮನಾಯಿತು. ಅತ್ತೆ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು ನಿಂತರು. ಟ್ರಂಕ್ ಕಾಲಿನ ಕಾಲದಲ್ಲಿ ಹುಬ್ಬಳ್ಳಿಯಿಂದ ಬೀದರಿನವರೆಗೆ ಕೇಳಿಸುತ್ತಿದ್ದ ದನಿ ಅದು.

“ಅಳಿಯಂದ್ರ, ಹಿಂದ ನೋಡ್ರಿ. ಎತ್ತರದ ಅಂಕಿ ಇಪ್ಪತ್ತ ಸಾವಿರ ಅದ. ವಿಮಾನ ಮ್ಯಾಲ ಹೊಂಟದ.”

ನಾನು ತಿರುಗಿದೆ. ಬೆಂಗಳೂರು ಪರದೆಯಲ್ಲಿ ಎಲ್ಲೂ ಇರಲಿಲ್ಲ, ಬರೀ ಆಕಾಶವಿತ್ತು. ತಲೆಯಿಂದ ಹಾರಿಸಬೇಕೆಂದು ಈಗಷ್ಟೇ ಹೇಳಿದವನು ಎರಡೂ ಕೈಯಿಂದ ಜಾಯ್‌ಸ್ಟಿಕ್ ಹಿಡಿದು ಮುಂದಕ್ಕೆ ನೂಕಿದೆ. ಹಾಗೆ ನೂಕಿದರೆ ಆಟೋಪೈಲಟ್ ಕೈಬಿಡುತ್ತದೆ. ಕೈಬಿಟ್ಟಿತು. ಅಪಾಯದ ಗಂಟೆ ಹೊಡೆಯತೊಡಗಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಬಹಳ ಜನ ನಕ್ಕರು. ಬೆವರಿನಿಂದ ಕನ್ನಡಕ ಜಾರಿತು, ಅಂಕಿಗಳು ಮಸುಕಾದವು. ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಮೂರು ಮೆಟ್ಟಿಲು ಹತ್ತಿ ವೇದಿಕೆಗೆ ಬಂದಿದ್ದರು. ಕಾರ್ಯದರ್ಶಿಗಳು ತಮ್ಮ ಕುರ್ಚಿಯನ್ನೇ ತಂದು ನನ್ನ ಪಕ್ಕ ಹಾಕಿದರು.

“ನೀವು ಅದನ್ನ ಹಿಡೀರಿ. ನಾ ಅಂಕಿ ಓದತೇನಿ,” ಎಂದರು ಅತ್ತೆ.

ಎತ್ತರ ಹನ್ನೊಂದು ಸಾವಿರ, ವೇಗ ಇನ್ನೂರ ನಲವತ್ತು. ಎತ್ತರ ಹತ್ತು ಸಾವಿರದ ಆರುನೂರು. ಅವರು ಉಸಿರು ಬದಲಿಸದೆ ಓದುತ್ತ ಹೋದರು. ಇಳಿಸುತ್ತ ಬಂದೆ, ಆದರೆ ರನ್‌ವೇ ಕಂಡಾಗ ನಾವು ಇನ್ನೂ ತೀರ ಮೇಲಿದ್ದೆವು. ರೇಡಿಯೋ ಇಳಿಜಾರು ಎಲ್ಲೋ ಕೆಳಗೆ ಉಳಿದಿತ್ತು. ಹಾಗೇ ಮೇಲಿಂದ ದಾಟಿಹೋದೆವು. ದೊಡ್ಡ ವಿಮಾನವನ್ನು ತಿರುಗಿಸಿ ಮತ್ತೆ ತರಲು ಕಾಲು ಗಂಟೆ ಬೇಕು. ಕಾರ್ಯದರ್ಶಿಗಳು ಎರಡು ಸಲ ಗಡಿಯಾರ ನೋಡಿದರು. ಆಮೇಲೆ ಮೈಕು ತೆಗೆದುಕೊಂಡು, ವಿಮಾನ ಬರುತನಕ ಊಟ ಶುರು ಮಾಡಬಹುದು ಎಂದು ಬಹಳ ಮರ್ಯಾದೆಯಿಂದ ಪ್ರಕಟಿಸಿದರು.

ಎರಡನೇ ಸುತ್ತಿನಲ್ಲಿ ಬಟನ್ ಒತ್ತುವ ಮೊದಲು ಅತ್ತೆ ಪ್ರತಿ ಅಂಕಿಯನ್ನೂ ನನ್ನಿಂದ ಹೇಳಿಸಿದರು. ಎತ್ತರ ಎಷ್ಟಕ್ಕೆ ಇಟ್ಟಿರಿ? ವೇಗ? ದಿಕ್ಕು? ಹೇಳಿದ್ದನ್ನು ಪರದೆಯ ಮೇಲೆ ನೋಡಿ, ‘ಹೌದು’ ಎಂದ ಮೇಲೆಯೇ ಮುಂದೆ. ಕೆಳಗಿನಿಂದ ಬಂದೆವು. ಇಳಿಜಾರು ಹಿಡಿಯಿತು. ವಿಮಾನ ತಾನಾಗಿ ಮೂಗು ತಗ್ಗಿಸಿ, ಹೂವಿನಂತೆ ಹೋಗಿ ನೆಲ ಮುಟ್ಟಿತು. ಎರಡು ವರ್ಷದಲ್ಲಿ ನಾನು ಕಂಡ ಅತ್ಯಂತ ಚಂದದ ಇಳಿತ ಅದು. ತಿರುಗಿ ನೋಡಿದೆ. ಸಭಾಂಗಣದಲ್ಲಿ ಐದು ಜನರಿದ್ದರು. ಒಬ್ಬರು ನಿದ್ದೆ ಮಾಡುತ್ತಿದ್ದರು. ಇಬ್ಬರು ಕುರ್ಚಿ ಮಡಚುವವರು.

ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ರೊಟ್ಟಿ ಮುರಿಯುತ್ತ, ಕಡೆಗೂ ಬೆಂಗಳೂರು ಮುಟ್ಟಿತೇ ಎಂದು ಕೇಳಿದರು. ಮುಟ್ಟಿತು ಎಂದೆ. ಹಾಗಾದರೆ ಹೋಳಿಗೆ ಹಾಕಿಸಿಕೊಳ್ಳಿ ಎಂದರು.

ಮಾತು ಒಮ್ಮೆ ಬಿಚ್ಚಿಕೊಂಡ ಮೇಲೆ ಅತ್ತೆ ಮತ್ತೆ ಮಗಳ ಮೂಲಕ ಹೋಗಲಿಲ್ಲ. ಮರುದಿನ ಸಂಜೆ ನಾನು ಕೆಲಸದಿಂದ ಬಂದಾಗ ಮಂಚದ ಮೇಲಿಂದಲೇ ನೇರವಾಗಿ ಕರೆದರು. ಮೆಚ್ಚುಗೆಯ ಮಾತಿರಬಹುದೆಂದು ಹೋಗಿ ಕೂತೆ.

“ಒಂದ ಮಾತ ಹೇಳಬೇಕಾಗಿತ್ತರಿ. ಎರಡ ವರ್ಷ ಆತು, ನಿಮ್ಮ ವಿಮಾನದ ಸಪ್ಪಳಕ್ಕ ಗುರುವಾರ ಮಧ್ಯಾಹ್ನ ನನಗ ನಿದ್ದಿ ಇಲ್ಲ.”

ಅವರು ನೋಡುತ್ತಿದ್ದದ್ದು ಮೆಚ್ಚಿ ಅಲ್ಲ. ಸಪ್ಪಳ ಮಲಗಲು ಬಿಡದ ಕಾರಣ ನೋಡುತ್ತಿದ್ದರು. ಅವರ ಕೋಣೆಯಲ್ಲಿ ವಿಮಾನ ಹಾರಿಸಲೇ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಮಗಳಿಗೆ ಹೇಳಿ ನನಗೆ ತಿಳಿಸಬಹುದಿತ್ತಲ್ಲ ಎಂದರೆ, ಅಳಿಯನ ಮೇಲೆ ಮಗಳ ಹತ್ತಿರ ದೂರು ಹೇಳುವುದು ಸರಿಯಲ್ಲ, ಅದಕ್ಕೇ ಸುಮ್ಮನಿದ್ದೆ ಎಂದರು. ಇಂದೇ ಮೇಜನ್ನು ಹೊರಗಿನ ಕೋಣೆಗೆ ಸಾಗಿಸುತ್ತೇನೆಂದು ಎದ್ದೆ. ಬೇಡ ಎಂದರು. ಈಗ ರೂಢಿಯಾಗಿದೆ, ಸಪ್ಪಳ ಇಲ್ಲದಿದ್ದರೂ ನಿದ್ದೆ ಬರುವುದಿಲ್ಲ. ಆದರೆ ಆ ಕುರ್ಚಿ ಕಿರುಗುಟ್ಟುತ್ತದೆ, ಅದಕ್ಕೆ ಎಣ್ಣೆ ಹಾಕಿ. ಕೈ ಒರೆಸಿದ ಟವೆಲ್ ಅವರ ಮಂಚದ ಮೇಲೆ ಹಾಕಬೇಡಿ. ಇನ್ನೂ ನಾಲ್ಕಾರು ಇದ್ದವು. ಇಪ್ಪತ್ತನಾಲ್ಕು ವರ್ಷದ ಬಾಕಿ ಅಷ್ಟಕ್ಕೇ ಮುಗಿದದ್ದು ನನ್ನ ಪುಣ್ಯ. ಎಣ್ಣೆ ಹಾಕಿದೆ. ಕಾರ್ಖಾನೆಯಲ್ಲಿ ‘ನಡೆಸುವವನ ತಪ್ಪು’ ಎಂದು ಬರೆಯುವ ಮೊದಲು ಈಗ ಅವನನ್ನೊಂದು ಮಾತು ಕೇಳುತ್ತೇನೆ. ಆಮೇಲೆ ಹೆಚ್ಚಿನ ಸಲ ಅದನ್ನೇ ಬರೆಯುತ್ತೇನೆ, ಆ ಮಾತು ಬೇರೆ.

ಹೋದ ಗುರುವಾರ ಅತ್ತೆ ಹುಬ್ಬಳ್ಳಿಗೆ ಹೋಗೋಣ ಎಂದರು. ಇಳಿಯುವುದು ಬೇಡ, ಮೇಲಿಂದ ನೋಡಿದರೆ ಸಾಕು. ತಾವು ಕೆಲಸ ಮಾಡಿದ ಎಕ್ಸ್‌ಚೇಂಜ್ ಕಟ್ಟಡ ಕಾಣುತ್ತದೆಯೇ ನೋಡಬೇಕು. ಗುಂಡಿಗಳನ್ನು ಅವರೇ ತಿರುಗಿಸಿದರು. ನಾನು ಪಕ್ಕದಲ್ಲಿ ಅಂಕಿ ಓದುತ್ತ ಕೂತೆ. ಐದು ಸಾವಿರ ಅಡಿಯಲ್ಲಿ ಹುಬ್ಬಳ್ಳಿ ಬಂತು. ಸಿಮ್ಯುಲೇಟರು ಸಣ್ಣ ಊರುಗಳ ಮನೆಗಳನ್ನು ಅಂದಾಜಿನ ಮೇಲೆ ಬರೆಯುತ್ತದೆ. ಎಲ್ಲವೂ ಒಂದೇ ಥರದ ಡಬ್ಬಿಗಳು. ಇದನ್ನು ನಾನು ಹೇಳಿದಾಗ, ಹುಬ್ಬಳ್ಳಿ ಸಣ್ಣ ಊರು ಎಂಬ ಮಾತಿಗೆ ಅತ್ತೆ ಮುಖ ಗಂಟಿಕ್ಕಿದರು. ಮೂರು ಸುತ್ತು ಹೊಡೆದರೂ ಕಟ್ಟಡ ಸಿಗಲಿಲ್ಲ. ನಾಲ್ಕನೆಯದರಲ್ಲಿ ರೈಲು ಹಳಿಗಳು ಕಂಡವು. ಅಲ್ಲಿಂದ ಅವರು ಪರದೆಯ ಮೇಲೆ ಬೆರಳಿಟ್ಟು ತಾವು ನಡೆದು ಹೋಗುತ್ತಿದ್ದ ದಾರಿ ಹಿಡಿದರು. ಸ್ಟೇಶನ್ ರೋಡು, ಬಲಕ್ಕೆ, ಮತ್ತೆ ಎಡಕ್ಕೆ. ಬೆರಳು ನಿಂತಲ್ಲಿ ಒಂದು ಸಾಲು ಮರಗಳಿದ್ದವು, ಕಟ್ಟಡ ಇರಲಿಲ್ಲ.

“ಇಲ್ಲೇ,” ಎಂದರು. “ಇದರ ಸುತ್ತ ಸಣ್ಣದಾಗಿ ತಿರಗ್ಲಿ.”

ಇಷ್ಟು ದೊಡ್ಡ ವಿಮಾನ ಸಣ್ಣದಾಗಿ ತಿರುಗುವುದಿಲ್ಲ ಎಂದು ನಾನು ಹೇಳಲಿಲ್ಲ. ಅವರ ಬೆರಳು ಪರದೆಯ ಮೇಲೇ ಇತ್ತು, ದಿಕ್ಕಿನ ಗುಂಡಿಯನ್ನು ನಾನೇ ಸ್ವಲ್ಪ ಸ್ವಲ್ಪವೇ ಎಡಕ್ಕೆ ತಿರುಗಿಸುತ್ತ ಹೋದೆ. ವಿಮಾನ ಕುಂದಗೋಳದ ತನಕ ಹೋಗಿ, ಅಗಲವಾಗಿ ಹೊರಳಿ, ಮತ್ತೆ ಹುಬ್ಬಳ್ಳಿಯ ಕಡೆ ಬಂತು.